ಅಂಗಳದ ಜೋಂಗಾ

ಮೊದಲಿಗೆ ಓದುಗರಲ್ಲಿ ಒಂದು ಅರಿಕೆ. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ನಮ್ಮ ಮನೆಯವರು ಒಂದು ಹಳೆಯ ಗಾಡಿಯನ್ನು ಬದುಕಿಸಿದ ಸಂಗತಿ. ವಾಹನಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಕಡಿಮೆ. ಬಿಡಿಭಾಗಗಳ ಹೆಸರನ್ನು ಕಾರವಾರದ ಒಬ್ಬ ಮೆಕ್ಯಾನಿಕರಲ್ಲಿ ಕೇಳಿ ಬರೆದುಕೊಂಡು ಎರಡೆರಡು ಸಲ ತಾಳೆ ನೋಡಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ಅದು ನನ್ನದು, ಅವರದಲ್ಲ. ಭಾಷೆಯ ಬಗೆಗೂ ಇದೇ ಅಳುಕು. ನಮ್ಮ ಮನೆಯಲ್ಲಿ ಪುಸ್ತಕದ ಕನ್ನಡವನ್ನು ಆಡಿದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಪದವಿಯ ಪ್ರಮಾಣಪತ್ರವೊಂದು ಹೊಸ್ತಿಲು ದಾಟಿ ಒಳಬಂದದ್ದೂ ನನ್ನ ಹೆಸರಿನಲ್ಲಿಯೇ ಮೊದಲು. ನನ್ನ ವಾಕ್ಯಗಳು ಕೆಲವೆಡೆ ಹೊಸ ಚಪ್ಪಲಿ ಮೆಟ್ಟಿ ನಡೆದಂತೆ ಕಂಡರೆ ಮನ್ನಿಸಬೇಕು. ಮನೆಯವರ ಮಾತುಗಳನ್ನು ಮಾತ್ರ ತಿದ್ದಿಲ್ಲ. ತಿದ್ದಿದರೆ ಅವರು ನನ್ನವರಾಗಿ ಉಳಿಯಲಾರರು ಎಂಬ ಭಯ. ಇವೆಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಹನ್ನೊಂದನೆಯ ವಯಸ್ಸಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬೇಕಾಗಿದ್ದುದನ್ನು ಈಗ ಇಷ್ಟು ಪುಟಗಳಲ್ಲಿ ಹೇಳುತ್ತಿದ್ದೇನೆ.

ಮಂಜಗುಣಿಯಲ್ಲಿ ಗಂಗಾವಳಿ ನದಿ ಸಮುದ್ರ ಸೇರುವ ಅಂಚಿಗೆ ನಮ್ಮ ಮನೆ. ಮುಂದೆ ಜಗಲಿ, ನಡುವೆ ಒಂದು ಉದ್ದನೆಯ ಕತ್ತಲೆ ಕೋಣೆ, ಹಿಂದೆ ಅಡುಗೆಮನೆ. ಬಲೆಗಳೆಲ್ಲ ಅಟ್ಟದಿಂದ ಇಳಿಬಿದ್ದು, ನಡುಕೋಣೆಯಲ್ಲಿ ನಡೆಯುವವರ ತಲೆಗೂದಲನ್ನು ಹಿಡಿದು ಎಳೆಯುತ್ತಿದ್ದವು. ಅಪ್ಪ, ಆಯಿ, ಅಪ್ಪನ ತಮ್ಮ ತುಳಸು ಕಾಕಾ, ಅವನ ಹೆಂಡತಿ ಲೀಲಾ ಕಾಕಿ, ಅಜ್ಜಿ ಮತ್ತು ನಾನು: ಆರು ಮಂದಿಗೆ ಒಂದೇ ಒಲೆ. ಮನೆಯ ಸಮಸ್ತ ವಸ್ತುಗಳಿಗೂ ಒಂದೇ ವಾಸನೆ, ತಾರ್ಲೆ ಎಣ್ಣೆಯದು. ತಾರ್ಲೆ ಮೀನು ರಾಶಿ ಬಿದ್ದ ದಿನಗಳಲ್ಲಿ ಹಂಡೆಯಲ್ಲಿ ಕುದಿಸಿ ತೆಗೆದ ಎಣ್ಣೆ ಅದು. ದೋಣಿಯ ಹಲಗೆಗೆ ಅದನ್ನು ಕುಡಿಸದಿದ್ದರೆ ಮರ ಬಿರಿಯುತ್ತದೆ. ಕಬ್ಬಿಣಕ್ಕೆ ಹಚ್ಚದಿದ್ದರೆ ಉಪ್ಪುಗಾಳಿ ತಿಂದುಹಾಕುತ್ತದೆ. ಲಂಗರು, ಕೊಕ್ಕೆ, ಬಾವಿಯ ರಾಟೆ, ಬಾಗಿಲ ಚಿಲಕ, ಆಯಿಯ ಮೆಟ್ಟುಗತ್ತಿ, ಯಾವುದೂ ಅದರಿಂದ ತಪ್ಪಿಸಿಕೊಂಡಿರಲಿಲ್ಲ. ಹಚ್ಚುವುದು ಮನೆಯ ಮಕ್ಕಳ ಕೆಲಸ. ಮಕ್ಕಳೆಂದರೆ ನಾನೊಬ್ಬಳೇ. ಬಟ್ಟೆಯ ಉಂಡೆಯಲ್ಲಿ ಅದ್ದಿ ತಿಕ್ಕಬೇಕು, ಹೀರಿಕೊಳ್ಳಲು ಬಿಡಬೇಕು, ಆಮೇಲೆ ಒಣ ಬಟ್ಟೆಯಿಂದ ಒರೆಸಬೇಕು, ಮುಟ್ಟಿದರೆ ಕೈಗೆ ಅಂಟಬಾರದು. ಅಜ್ಜಿ ಜಗಲಿಯಲ್ಲಿ ಕುಳಿತೇ ಇದರ ಮೇಲ್ವಿಚಾರಣೆ ನಡೆಸುತ್ತಿದ್ದಳು.

"ಬೋಳು ಕಬ್ಬಿಣ ಒಂದ್ ಕಂಡ್ರೂ ನಿಂಗೆ ಇವತ್ತು ಗಂಜಿ ಇಲ್ಲ, ತಂಗಿ. ಹಿಂದ್ಗಡೆ ಸಂದಿಗೂ ಹಚ್ಚು. ತುಕ್ಕು ಮುಂದಿಂದ ಬರೂದಿಲ್ಲ."

ಊಟಕ್ಕೂ ನಮ್ಮಲ್ಲೊಂದು ಕಟ್ಟಳೆ ಇತ್ತು. ಸಾರಿನೊಳಗಿನ ಮೀನಿನ ತಲೆ ಕಡಲಿಗೆ ಹೋಗಿ ಬಂದವನ ಪಾಲು. ಅಪ್ಪ ಮತ್ತು ಕಾಕಾ ಒಂದೇ ದೋಣಿಯಲ್ಲಿ ಹೋಗುತ್ತಿದ್ದಾಗ ಇಬ್ಬರ ತಟ್ಟೆಯಲ್ಲಿಯೂ ತಲೆ ಇರುತ್ತಿತ್ತು. ಒಂದು ವರ್ಷ ದೋಣಿಯನ್ನು ದಂಡೆಗೆ ಏರಿಸುವಾಗ ಅಡಿಗೆ ಹಾಕಿದ ದುಂಡು ಮರ ಜಾರಿ, ದೋಣಿಯ ಭಾರವೆಲ್ಲ ಅಪ್ಪನ ಸೊಂಟದ ಮೇಲೆ ಬಂತು. ಮೂರು ತಿಂಗಳು ಮಲಗಿ ಎದ್ದ ಮೇಲೆ ಅಪ್ಪ ನಡೆಯಬಲ್ಲವನಾದ, ಕುಳಿತು ಬಲೆ ಹೆಣೆಯಬಲ್ಲವನಾದ. ದೋಣಿ ನೂಕಲು, ಬಲೆ ಎಳೆಯಲು ಆಗಲಿಲ್ಲ. ಅಂದಿನಿಂದ ತಲೆ ಕಾಕಾನ ತಟ್ಟೆಗೆ ಮಾತ್ರ ಬೀಳತೊಡಗಿತು. ಕಾಕಾ ಎರಡು ತುತ್ತು ಉಂಡು, ಏನೋ ಮಾತಾಡುತ್ತ, ಅದನ್ನು ಅಪ್ಪನ ತಟ್ಟೆಗೆ ದಾಟಿಸುತ್ತಿದ್ದ. ಅಪ್ಪ ಅದನ್ನು ತಿರುಗಿ ದಾಟಿಸುತ್ತಿದ್ದ. ಕಾಕಿ ಒಲೆಯ ಬಳಿಯಿಂದ ಇದನ್ನು ನೋಡುತ್ತಿದ್ದಳು. ಅವಳು ಕೆಟ್ಟವಳಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಒಬ್ಬನ ದುಡಿಮೆಯಲ್ಲಿ ಆರು ಮಂದಿ ಉಣ್ಣುವುದನ್ನು ಅವಳು ಕಂಡಿದ್ದಳು; ಕಂಡದ್ದನ್ನು ಒಂದು ದಿನ ಊಟದ ಹೊತ್ತಿನಲ್ಲಿ ಆಯಿಗೆ ಬಾಯಿಬಿಟ್ಟು ಹೇಳಿದಳು.

"ಅಕ್ಕಾ, ನಾವು ಬೇರೆ ಒಲೆ ಮಾಡ್ಕಂಡ್ರೆ ನಿಮಗೂ ಹಗುರ, ನಮಗೂ ಹಗುರ. ಸಿಟ್ಟಿಂದ ಹೇಳೂದಲ್ಲ ನಾನು."

ಕಾಕಾ ಕೈ ತೊಳೆಯದೆ ಎದ್ದುಹೋದ. ಮರುದಿನ ಅವನು ಒಂದು ಉಪಾಯದೊಂದಿಗೆ ಬಂದ. ನಮ್ಮ ದಂಡೆಯಲ್ಲಿ ಸಿಕ್ಕ ಮೀನನ್ನು ಪಾಲು ಹಾಕುವಾಗ ಆಳಿಗೊಂದು ಪಾಲು, ದೋಣಿಗೊಂದು ಪಾಲು, ಬಲೆಗೊಂದು ಪಾಲು. ದೋಣಿಗಳನ್ನು ಮರಳಿನ ಮೇಲೆ ಎಳೆದು ಹಾಕುವ ಒಂದು ಗಾಡಿ ಇದ್ದರೆ, ಹತ್ತು ಆಳುಗಳ ಸೊಂಟ ಉಳಿಯುತ್ತದೆ, ಗಾಡಿಗೂ ಒಂದು ಪಾಲು ಸಿಗುತ್ತದೆ. ಆ ಪಾಲು ಅಪ್ಪನದು. ಅಪ್ಪ ಯಾರ ತಟ್ಟೆಯಿಂದಲೂ ತಿನ್ನಬೇಕಾಗಿಲ್ಲ. ಒಲೆ ಒಂದೇ ಉಳಿಯುತ್ತದೆ. ಇಷ್ಟಕ್ಕಾಗಿಯೇ ಆ ಗಾಡಿ ನಮ್ಮ ಅಂಗಳಕ್ಕೆ ಬಂದದ್ದು.

ಮಳೆಗಾಲ ಹಿಡಿದು ದೋಣಿಗಳೆಲ್ಲ ಮೇಲೇರಿದ ವಾರ, ಒಂದು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಅದು ಬಂತು. ಕಾರವಾರದಲ್ಲಿ ಯಾರೋ ಗುತ್ತಿಗೆದಾರರು ಸೈನ್ಯದ ಹರಾಜಿನಿಂದ ತಂದು, ಕೆಲಸ ಮುಗಿದ ಮೇಲೆ ಒಂದು ತೆಂಗಿನ ತೋಟದಲ್ಲಿ ಬಿಟ್ಟು ಹೋಗಿದ್ದ ಜೋಂಗಾ. ಕಾಕಾ ತನ್ನ ಎರಡು ಒಳ್ಳೆಯ ಬಲೆಗಳನ್ನು ತೋಟದವರಿಗೆ ಕೊಟ್ಟು ಅದನ್ನು ಪಡೆದಿದ್ದ. ಜೀಪನ್ನು ಕಂಡವರು ಊರಲ್ಲಿ ಬಹಳ ಮಂದಿ ಇದ್ದರು. ಜೋಂಗಾ ಎಂಬ ಹೆಸರನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಜೀಪಿಗಿಂತ ಅಗಲ, ಜೀಪಿಗಿಂತ ಉದ್ದ, ಮುಂದೆ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು ಹೊತ್ತ ಉದ್ದ ಮೂತಿ. ನೆಲದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಕಾಕಿ ಜಗಲಿಯ ಕಂಬಕ್ಕೆ ಒರಗಿ ನಿಂತು ನೋಡಿದಳು.

"ಎರಡು ಬಲೆ ಹೋಯ್ತು, ಮಿಲಿಟ್ರಿ ಎಮ್ಮೆ ಒಂದು ಬಂತು. ಹಾಲಾದ್ರೂ ಕೊಡ್ತದಾ ಕೇಳಿ, ಅಕ್ಕಾ."

"ಕೊಡ್ತದೆ, ಕೊಡ್ತದೆ," ಎಂದ ಕಾಕಾ. "ಮೊದ್ಲು ಎದ್ದು ನಿಂತ್ಕಳ್ಲಿ."

ಅಂದಿನಿಂದ ಅದರ ಹೆಸರು ಎಮ್ಮೆ ಎಂದೇ ಆಯಿತು. ಅಜ್ಜಿ ಅದಕ್ಕೆ ದೃಷ್ಟಿ ತಾಗದಿರಲೆಂದು ಮೂತಿಗೆ ಒಂದು ಹಳೆಯ ಚಪ್ಪಲಿ ಕಟ್ಟಿಸಿದಳು. ಅಂಗಳದಲ್ಲಿ ತೆಂಗಿನ ಮಡಲಿನ ಚಪ್ಪರ ಎದ್ದಿತು. ಬದುಕಿಸುವ ಹೊಣೆ ಹೊತ್ತವರು ಕಾರವಾರದ ಇನಾಸ ಮೇಸ್ತ್ರಿ. ಎಳೆಯ ವಯಸ್ಸಿನಲ್ಲಿ ಸೈನ್ಯದ ವರ್ಕ್‌ಶಾಪಿನಲ್ಲಿ ದುಡಿದವರು. ಬೆಳಗಿನ ಬಸ್ಸಿಗೆ ಬಂದು, ಶರ್ಟು ಬಿಚ್ಚಿ ಗೂಟಕ್ಕೆ ತೂಗುಹಾಕಿ, ಗಾಡಿಗೆ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ ಕೆಲಸ ಆರಂಭಿಸುತ್ತಿದ್ದರು. ಮೊದಲ ದಿನವೇ ಅಪ್ಪನಿಗೆ ಹೇಳಿದರು:

"ಗಣಪತಿ ಬಾಬ್, ಇದಕ್ಕೆ ಪುಸ್ತಕ ಇಲ್ಲ, ಪಾರ್ಟ್ ಇಲ್ಲ, ಗೊತ್ತಿದ್ದವ್ರು ಇಲ್ಲ. ಇನಾಸ ಒಬ್ನೇ ಇದ್ದಾನೆ. ಅವನಿಗೆ ದಿನಾ ಮೀನ್ ಸಾರು ಹಾಕಿ, ಎಮ್ಮೆ ಏಳ್ತದೆ."

ಎಂಜಿನ್ನು ಕಚ್ಚಿಕೊಂಡು ಹೋಗಿತ್ತು. ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಲ್ಲಿ ಡೀಸೆಲ್ಲು ಮತ್ತು ಸೀಮೆಎಣ್ಣೆ ಬೆರೆಸಿ ಹುಯ್ದು, ದಿನಕ್ಕೆ ಒಂದು ಸಲ ಹ್ಯಾಂಡಲ್ ಹಾಕಿ ಒತ್ತಿ ನೋಡುವುದು; ಅಲುಗದಿದ್ದರೆ ಮತ್ತೆ ಹುಯ್ದು ಬಿಡುವುದು. ಹದಿನಾರು ದಿನ ಅದು ಅಲುಗಲಿಲ್ಲ. ಹದಿನೇಳನೆಯ ದಿನ ಒಂದು ಬೆರಳಿನಷ್ಟು ತಿರುಗಿತು. ಕಾಕಾ ನನ್ನನ್ನು ಎತ್ತಿ ಬಾನೆಟ್ಟಿನ ಮೇಲೆ ಕೂರಿಸಿದ. ನೆಲದ ತಗಡಿಗೆ ಎಣ್ಣೆಯ ಪೀಪಾಯಿಯನ್ನು ಕತ್ತರಿಸಿ ಬಡಿದು ಕೂರಿಸಿದರು. ಸೀಟಿನ ಬೆನ್ನನ್ನು ಅಪ್ಪ ನೈಲಾನ್ ಹುರಿಯಿಂದ, ಬಲೆ ಹೆಣೆಯುವ ಸೂಜಿಯಲ್ಲಿಯೇ ಹೆಣೆದ. ಅದರ ಮೇಲೆ ಕುಳಿತರೆ ಬೆನ್ನಿಗೆ ಬಲೆಯ ಕಣ್ಣುಗಳ ಅಚ್ಚು ಮೂಡುತ್ತಿತ್ತು. ದೋಣಿಗೆ ಬಳಿದು ಉಳಿದ ನೀಲಿ ಬಣ್ಣ ಮೈಗೆ ಬಂತು. ಅಪ್ಪ ಬಹಳ ಹೊತ್ತು ನಿಲ್ಲಲಾರ. ಮಣೆಯ ಮೇಲೆ ಕುಳಿತು, ಒಂದೊಂದೇ ನಟ್ಟು ಬೋಲ್ಟನ್ನು ಅಲ್ಯೂಮಿನಿಯಂ ಬೋಗುಣಿಯಲ್ಲಿ ಸೀಮೆಎಣ್ಣೆ ಹಾಕಿ ತೊಳೆಯುತ್ತಿದ್ದ. ಆ ಬೋಗುಣಿಯ ವಿಷಯದಲ್ಲಿ ಒಂದು ಜಗಳವೇ ಆಯಿತು.

"ಮೀನು ತೊಳೂ ಬೋಗುಣಿ ಅದು! ನಾಳೆ ಸಾರಲ್ಲಿ ಸೀಮೆಎಣ್ಣೆ ವಾಸ್ನೆ ಬಂದ್ರೆ ನನ್ನ ಕೇಳೂಕೆ ಬರ್ಬೇಡಿ," ಎಂದಳು ಆಯಿ.

"ಬರ್ಲಿ ಬಿಡೇ. ಸಾರು ಬೇಗ ಕುದೀತದೆ."

ಎರಡು ವರ್ಷಗಳಲ್ಲಿ ಅಪ್ಪ ಆಡಿದ ಮೊದಲ ಹಾಸ್ಯದ ಮಾತು ಅದು. ಆಯಿ ಬೈಯುವುದನ್ನು ಮರೆತು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಆ ಮಳೆಗಾಲದಲ್ಲಿ ನಮ್ಮ ಮನೆ ಹೀಗೆಯೇ ಇತ್ತು. ಒಣಮೀನು, ಗಂಜಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ತಿಂದುಕೊಂಡು, ಬಡತನದಲ್ಲಿಯೂ ಎಲ್ಲರೂ ಒಂದೇ ಕಡೆಗೆ ಮುಖ ಮಾಡಿ ಕುಳಿತ ಮನೆ. ಕಾಕಿ ಕೂಡ ಬೇರೆ ಒಲೆಯ ಮಾತು ಎತ್ತಲಿಲ್ಲ. ಆರನೆಯ ವಾರ ಎಂಜಿನ್ನು ಹೊತ್ತಿಕೊಂಡಿತು. ಮೊದಲು ಒಂದು ಕೆಮ್ಮು, ಆಮೇಲೆ ಚಪ್ಪರದ ತುಂಬ ಕಪ್ಪು ಹೊಗೆ, ಆಮೇಲೆ ನೆಲ ನಡುಗುವಂಥ ಸದ್ದು. ಕೋಳಿಗಳು ಮಾಡು ಹತ್ತಿದವು. ಇನಾಸ ಮೇಸ್ತ್ರಿ ಶಿಲುಬೆಯ ಗುರುತು ಹಾಕಿಕೊಂಡರು. ಅಜ್ಜಿ ಕೈ ಮುಗಿದಳು. ಅಪ್ಪ ಮಣೆಯ ಮೇಲೆ ಕುಳಿತವನು ಹಾಗೆಯೇ ಅತ್ತ. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಉಳಿದದ್ದು ಬ್ರೇಕು. ನಾರಳಿ ಹುಣ್ಣಿಮೆಗೆ ಐದು ದಿನವಿತ್ತು. ಅಂದು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿಗಳು ಹೊಸ ವರ್ಷದ ಮೀನಿಗೆ ಹೊರಡುತ್ತವೆ. ಅಂದೇ ಗಾಡಿಯ ಪಾಲನ್ನೂ ದಂಡೆಯ ಹಿರಿಯರು ನಿಶ್ಚಯಿಸುವವರಿದ್ದರು. ಇನಾಸ ಮೇಸ್ತ್ರಿ ನಾಲ್ಕೂ ಚಕ್ರಗಳನ್ನು ಬಿಚ್ಚಿ, ಒಳಗಿನ ಡ್ರಮ್ಮುಗಳನ್ನು ಉಜ್ಜಿ ಬೆಳ್ಳಿಯಂತೆ ಹೊಳೆಯಿಸಿ, ಬ್ರೇಕು ಒತ್ತಿದಾಗ ಆ ಡ್ರಮ್ಮನ್ನು ಒಳಗಿನಿಂದ ಅದುಮಿ ಹಿಡಿಯುವ ಶೂಗಳಿಗೆ ಹೊಸ ಲೈನರ್ ಬಡಿದು, ಎಲ್ಲವನ್ನೂ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟರು. ಕೈಬ್ರೇಕಿನ ತಂತಿ ಹುಬ್ಬಳ್ಳಿಯಿಂದ ಇನ್ನೂ ಬಂದಿರಲಿಲ್ಲ. ಅವರ ಮನೆಯಲ್ಲಿ ಏನೋ ಕಾರ್ಯವಿದ್ದುದರಿಂದ ಎರಡು ದಿನ ಬರಲಾರೆನೆಂದು ಹೇಳಿ, ಕೂಡಿಸುವ ಕ್ರಮವನ್ನು ಕಾಕಾನಿಗೆ ತೋರಿಸಿಕೊಟ್ಟು, ಹೊರಡುವಾಗ ಜಗಲಿಯಲ್ಲಿ ಅಪ್ಪನ ಹತ್ತಿರ ನಿಂತು ಏನೋ ಮಾತಾಡಿ ಬಸ್ಸಿಗೆ ಹೋದರು.

ಆ ಮಧ್ಯಾಹ್ನ ಊಟವಾಗಿ ದೊಡ್ಡವರೆಲ್ಲ ಅಡ್ಡಾಗಿದ್ದರು. ತುಂತುರು ಹನಿಯುತ್ತಿತ್ತು, ಗಾಳಿ ಕಡಲ ಕಡೆಯಿಂದ. ನಾನು ಚಪ್ಪರದಡಿಗೆ ಹೋಗಿ ನೋಡಿದೆ. ಬೆಳಿಗ್ಗೆ ಬೆಳ್ಳಿಯಂತಿದ್ದ ಡ್ರಮ್ಮಿನ ಒಳಮೈಗೆ ಆಗಲೇ ಕಂದು ಬಣ್ಣದ ಉಸಿರು ಹಿಡಿದಿತ್ತು. ಬೋಳು ಕಬ್ಬಿಣ. ನಾನು ಯಾರನ್ನೂ ಕೇಳಲಿಲ್ಲ. ಕೇಳುವ ವಿಷಯವೆಂದು ಅನಿಸಲೇ ಇಲ್ಲ. ತಾರ್ಲೆ ಎಣ್ಣೆಯ ಡಬ್ಬಿ ತಂದೆ, ಬಟ್ಟೆಯ ಉಂಡೆ ಮಾಡಿದೆ. ನಾಲ್ಕು ಡ್ರಮ್ಮುಗಳ ಒಳಮೈಗೆ ಒಂದು ಸಂದಿಯನ್ನೂ ಬಿಡದೆ ಹಚ್ಚಿದೆ. ಪಕ್ಕದಲ್ಲಿದ್ದ ಲೈನರ್‌ಗಳು ಬಿಸಿಲಿಗೆ ಒಣಗಿದ ದೋಣಿಯ ಹಲಗೆಯಂತೆ ಬೂದಿಬಣ್ಣಕ್ಕಿದ್ದವು. ಅವಕ್ಕೂ ಹಚ್ಚಿದೆ. ಎಷ್ಟು ಹಚ್ಚಿದರೂ ಕುಡಿದವು. ಮೂರು ಸಲ ಕುಡಿಸಿದೆ. ಆಮೇಲೆ ಅಜ್ಜಿ ಕಲಿಸಿದಂತೆ, ಕೈಗೆ ಅಂಟದ ಹಾಗೆ, ಒಣ ಬಟ್ಟೆಯಿಂದ ಒರೆಸಿದೆ. ನನ್ನ ಬಾಲ್ಯದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಮತ್ತೊಂದಿಲ್ಲ. ಕಾಕಾ ಎದ್ದು ಬಂದಾಗ ನಾನು ಕೊನೆಯದನ್ನು ಒರೆಸುತ್ತಿದ್ದೆ.

"ಎಣ್ಣೆ ಹಚ್ಚಿದ್ಯಾ? ಎಲ್ಲದಕ್ಕೂ?"

"ಹೂಂ, ಕಾಕಾ. ತುಕ್ಕು ಹಿಡೀತಿತ್ತು."

"ಚೊಲೋ ಮಾಡ್ದೆ, ತಂಗಿ. ನಂಗೆ ನೆನಪೇ ಆಗ್ಲಿಲ್ಲ ನೋಡು."

ಅವನೂ ಅದೇ ಮನೆಯಲ್ಲಿ ಬೆಳೆದವನು. ಅಂದು ಸಂಜೆಯೊಳಗೆ ನಾಲ್ಕೂ ಚಕ್ರಗಳನ್ನು ಅವನೇ ಕೂಡಿಸಿ ಮುಚ್ಚಿದ. ಎರಡು ದಿನ ಬಿಟ್ಟು ಇನಾಸ ಮೇಸ್ತ್ರಿ ಬಂದರು. ಗಾಡಿಯಿಂದ ತಾರ್ಲೆ ಎಣ್ಣೆಯ ವಾಸನೆ ಬರುತ್ತಿತ್ತು ನಿಜ. ನಮ್ಮ ಚಿಲಕ, ಮಣೆ, ಕೈಗಳಿಂದಲೂ ಬರುತ್ತಿತ್ತು. ಗಾಡಿಯನ್ನು ದಂಡೆಗೆ ಇಳಿಸಿದರು. ಮುಂದಿನ ಚಕ್ರಗಳಿಗೂ ಬಲ ಕೊಡುವ ಚಿಕ್ಕ ಲಿವರನ್ನು ಕಾಕಾ ಎಳೆದು, ಗಾಡಿ ಮೆತ್ತನೆಯ ಮರಳಿನಲ್ಲಿ ಹೂತುಹೋಗದೆ ನಡೆದಾಗ ದಂಡೆಯವರೆಲ್ಲ ಕೂಗು ಹಾಕಿದರು. ಎಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ನಿಲ್ಲುತ್ತಿತ್ತು. ಮರಳು ತಾನಾಗಿಯೇ ಹಿಡಿದು ನಿಲ್ಲಿಸುತ್ತದೆ; ಬ್ರೇಕು ಹಿಡಿಯುತ್ತದೆಯೋ ಇಲ್ಲವೋ ಅಲ್ಲಿ ತಿಳಿಯುವುದಿಲ್ಲ. ಮೇಸ್ತ್ರಿಗೆ ಮಾತ್ರ ಸಮಾಧಾನವಿರಲಿಲ್ಲ.

"ತುಳಸು ಬಾಬ್, ಡಾಂಬರ್ ಮೇಲೆ ಒಮ್ಮೆ ಓಡ್ಸಿ ನೋಡ್ಬೇಕು. ಕೈಬ್ರೇಕೂ ಇಲ್ಲ."

"ಡಾಂಬರ್ ಎಂತಕೆ, ಮೇಸ್ತ್ರಿ? ಇದು ಮರಳಿನ ಎಮ್ಮೆ. ಹುಣ್ಣಿಮೆ ಆಗ್ಲಿ, ಅಂಕೋಲೆಗೇ ಹೋಗಿ ಬರುವಾ, ನೀವೇ ಓಡ್ಸಿ."

ಹುಣ್ಣಿಮೆಯ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಗಾಡಿಗೆ ಅಬ್ಬಲಿಗೆ ಹೂವಿನ ಮಾಲೆ. ಕಾಯಿ ಬಿಟ್ಟಾಯಿತು. ದಂಡೆಯ ಹಿರಿಯರು ತಾರಿ ಧಕ್ಕೆಯ ಬಳಿ ಸೇರಿದ್ದರು. ಧಕ್ಕೆಯೆಂದರೆ ನದಿಗೆ ಇಳಿಯುವ ಸಿಮೆಂಟಿನ ಇಳಿಜಾರು. ಬಾರ್ಜು ಬಂದು ನಿಲ್ಲುವ ಜಾಗ. ಅದರ ಬುಡದಲ್ಲಿ ನಮ್ಮ ದೋಣಿ ನೀರಿನಲ್ಲಿ ನಿಂತಿತ್ತು. ಹಿರಿಯರಲ್ಲೊಬ್ಬರು ಹೇಳಿದರು:

"ಮರಳಲ್ಲಿ ಓಡೂದು ಕಂಡ್ವಿ, ತುಳಸು. ನಿಮ್ಮ ದೋಣಿಯನ್ನೇ ಇಲ್ಲಿಂದ ಮೇಲೆ ಎಳೆದು ತೋರ್ಸು. ಎಳೀತು ಅಂದ್ರೆ ಪಾಲು ನಿಮ್ದೇ."

ಅಪ್ಪ ಆ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಹಗ್ಗದ ತುದಿಯನ್ನು ಗಾಡಿಗೆ ತಾನೇ ಕಟ್ಟಬೇಕೆಂದು ಯಾರ ಕೈಯನ್ನೂ ಹಿಡಿಯದೆ ಇಳಿಜಾರಿನ ಬುಡಕ್ಕೆ ಇಳಿದು, ದೋಣಿಯ ಮೂತಿಯ ಮುಂದೆ ನಿಂತ. ಕಾಕಾ ಗಾಡಿಯನ್ನು ಹಿಂದಕ್ಕೆ ಇಳಿಸತೊಡಗಿದ. ಅರ್ಧ ದಾರಿಯಲ್ಲಿ ನಿಲ್ಲಿಸಲು ಎರಡೂ ಕಾಲುಗಳನ್ನು ಒತ್ತಿದ, ಕ್ಲಚ್ಚು ಒಂದು, ಬ್ರೇಕು ಒಂದು. ಕ್ಲಚ್ಚು ಒತ್ತಿದೊಡನೆ ಎಂಜಿನ್ನಿನ ಹಿಡಿತ ಬಿಟ್ಟಿತು. ಬ್ರೇಕು ಹಿಡಿಯಲಿಲ್ಲ. ಗಾಡಿ ಸದ್ದಿಲ್ಲದೆ, ನೀರಿಗೆ ಬಿಟ್ಟ ದೋಣಿಯಂತೆ, ಹಿಂದಕ್ಕೆ ಜಾರಿತು. ಅಪ್ಪನಿಗೆ ಚುರುಕಾಗಿ ಸರಿಯಲು ಆಗುವುದಿಲ್ಲ ಎಂಬುದು ಎಲ್ಲರಿಗಿಂತ ಹೆಚ್ಚು ಕಾಕಾನಿಗೆ ಗೊತ್ತಿತ್ತು.

"ಅಣ್ಣಾ!" ಎಂದು ಕೂಗಿದ್ದು ಕೇಳಿತು. ಆಮೇಲೆ ಅವನು ಸ್ಟೇರಿಂಗನ್ನು ಪೂರ್ತಿ ತಿರುಗಿಸಿದ.

ಗಾಡಿ ಇಳಿಜಾರಿನ ಅಂಚು ದಾಟಿ, ಪಕ್ಕದ ಚಿರೆಕಲ್ಲಿನ ರಾಶಿಯ ಮೇಲೆ ಬಿದ್ದು, ಮಗುಚಿ ನೀರಿನಲ್ಲಿ ಅಡ್ಡವಾಯಿತು. ಅಪ್ಪನಿಗೆ ಒಂದು ಗೀರೂ ಆಗಲಿಲ್ಲ. ಕಾಕಾನ ಬಲಗಾಲು ಗಾಡಿಗೂ ಕಲ್ಲಿಗೂ ನಡುವೆ ಸಿಕ್ಕಿಕೊಂಡಿತ್ತು. ಎತ್ತಲು ಇಪ್ಪತ್ತು ಮಂದಿ ಬೇಕಾಯಿತು. ಕಾರವಾರದ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಮೂರನೆಯ ದಿನ ಮೇಸ್ತ್ರಿ ಗಾಡಿಯ ಚಕ್ರ ಬಿಚ್ಚಿದರು. ನಾನು ಜಗಲಿಯ ಮೆಟ್ಟಿಲ ಮೇಲಿದ್ದೆ. ಅವರು ಲೈನರನ್ನು ಬೆರಳಿನಿಂದ ಒತ್ತಿದರು, ಮೂಗಿನ ಹತ್ತಿರ ಹಿಡಿದರು, ಕೆಳಗಿಟ್ಟರು.

"ಮೀನೆಣ್ಣೆ. ಎಣ್ಣೆ ಕುಡ್ದ ಲೈನರ್ ಹಿಡಿಯೂದಿಲ್ಲ, ಗಣಪತಿ ಬಾಬ್. ನಾಲ್ಕಕ್ಕೂ ಹಚ್ಚಿದ್ದಾರೆ. ಹೇಳಿದ್ದೆ ನಾನು, ಒಣಾ ಇರ್ಬೇಕು ಅಂತ."

ಅಪ್ಪ ಅಂಗಿ ಹಾಕಿಕೊಂಡು ಕಾರವಾರದ ಬಸ್ಸಿಗೆ ಹೊರಟ. ಆಯಿಯೂ ಹೊರಟಳು, ನನ್ನನ್ನೂ ಕರೆದುಕೊಂಡು ಹೋದಳು. ಬಸ್ಸಿನುದ್ದಕ್ಕೂ ನಾನು ಒಂದು ವಾಕ್ಯವನ್ನು ಬಾಯಿಪಾಠ ಮಾಡಿದೆ: ಅಪ್ಪಾ, ಎಣ್ಣೆ ಹಚ್ಚಿದ್ದು ನಾನು. ದಾರಿಯಲ್ಲಿ ಅವರ್ಸಾ ಊರು ದಾಟುವಾಗ ಹೇಳಬೇಕೆಂದಿದ್ದೆ; ಆಮೇಲೆ ಆಸ್ಪತ್ರೆಯ ಬಾಗಿಲಲ್ಲಿ ಹೇಳಿದರಾಯಿತೆಂದುಕೊಂಡೆ. ಒಳಗೆ ಕಾಕಾ ಮಂಚದ ಮೇಲಿದ್ದ. ಹೊದಿಕೆಯ ಬಲಬದಿ ಚಪ್ಪಟೆಯಾಗಿತ್ತು. ಕಾಕಿ ತಲೆಯ ಬಳಿ ಕುಳಿತಿದ್ದಳು.

"ಬ್ರೇಕಿಗೆ ಎಣ್ಣೆ ಹಚ್ಚಿದ್ದು ಯಾರು?" ಎಂದು ಕೇಳಿದ ಅಪ್ಪ.

ಕಾಕಾ ನನ್ನ ಕಡೆ ನೋಡಿದ. ಅದು ಒಂದು ಕ್ಷಣದ ನೋಟ. ನಾನು ಬಾಯಿ ತೆರೆದೆ ಎಂದು ಈಗಲೂ ನನಗೆ ಅನ್ನಿಸುತ್ತದೆ. ಅಷ್ಟರಲ್ಲಿ ಅವನು ಮುಖವನ್ನು ಅಪ್ಪನ ಕಡೆಗೆ ತಿರುಗಿಸಿದ.

"ನಾನೇ, ಅಣ್ಣಾ. ಚಕ್ರ ಮುಚ್ಚಿದ್ದೂ ನಾನೇ."

ಅಪ್ಪ ಕೋಪಿಷ್ಠನಲ್ಲ. ಆದರೆ ಸೊಂಟ ಮುರಿದ ದಿನದಿಂದ ಪ್ರತಿ ಊಟದಲ್ಲಿಯೂ ನುಂಗಿಟ್ಟಿದ್ದುದೆಲ್ಲ ಆ ಮಂಚದ ಮುಂದೆ ಒಟ್ಟಿಗೆ ಹೊರಗೆ ಬಂತು.

"ಕೂತು ತಿನ್ನೂ ಅಣ್ಣ ಅಷ್ಟು ಭಾರ ಆದ್ನಾ, ತುಳಸಾ? ಬೇರೆ ಒಲೆ ಬೇಕು ಅಂದಿದ್ರೆ ಸಾಕಿತ್ತಲ್ಲ. ಗಾಡಿ ಹತ್ಸಿ ಕೊಲ್ಲೂಕೆ ನೋಡೂದು ಎಂತಕೆ?"

ಕಾಲು ಕಳೆದುಕೊಂಡು ಅಣ್ಣನನ್ನು ಉಳಿಸಿದವನಿಗೆ ಅಣ್ಣ ಹೇಳಿದ ಮಾತು ಇದು. ಕಾಕಿ ಎದ್ದು ನಿಂತಳು.

"ಹೊರಗೆ ನಡೀರಿ. ಇನ್ನು ನಿಮ್ಮ ಮನೆ ಹೊಸ್ತಿಲು ನಾನೂ ತುಳಿಯೂದಿಲ್ಲ, ಇವ್ರನ್ನೂ ತುಳೀಲಿಕ್ಕೆ ಬಿಡೂದಿಲ್ಲ."

ಕಾಕಾ ಅವಳ ಕೈ ಹಿಡಿದು ಕೂರಿಸಲು ನೋಡಿದ. ಅವಳು ಕೂರಲಿಲ್ಲ. ನಾನು ಆಯಿಯ ಸೆರಗು ಹಿಡಿದು ಹೊರಗೆ ಬಂದೆ. ಬಾಯಿಪಾಠ ಮಾಡಿದ ವಾಕ್ಯ ಬಾಯಿಯಲ್ಲಿಯೇ ಉಳಿಯಿತು. ಅಂದು ಹೇಳದಿದ್ದುದು ಹೆದರಿಕೆಯಿಂದ. ಮರುದಿನ ಹೇಳದಿದ್ದುದು ಅಂದು ಹೇಳಲಿಲ್ಲವಲ್ಲ ಎಂಬ ಕಾರಣದಿಂದ. ಹಾಗೆಯೇ ವರ್ಷಗಳು ಆದವು. ಆ ದಿನದಿಂದ ಯಾವುದನ್ನೂ ಮುಟ್ಟುವ ಮೊದಲು ಮೂರು ಸಲ ಕೇಳುವ, ಬರೆದದ್ದನ್ನು ನಾಲ್ಕು ಸಲ ಓದುವ ಹುಡುಗಿಯಾದೆ. ಶಾಲೆಯಲ್ಲಿ ಅದನ್ನು ಜಾಣತನವೆಂದು ತಿಳಿದರು, ಅಂಕಗಳೂ ಬಂದವು. ನಾನು ಪದವಿಯವರೆಗೆ ಓದಿದ್ದು ಬುದ್ಧಿಯಿಂದಲೋ ಭಯದಿಂದಲೋ ಎಂಬುದನ್ನು ನಿರ್ಣಯಿಸಲು ನನ್ನಿಂದ ಇಂದಿಗೂ ಆಗಿಲ್ಲ.

ಕಾಲೇಜಿಗೆ ಕಾರವಾರಕ್ಕೆ ಸೇರಿದಾಗ, ಮನೆಯಲ್ಲಿ ಹೇಳದೆ, ಆಸ್ಪತ್ರೆಯಿಂದ ನೇರವಾಗಿ ಕಾಕಾ, ಕಾಕಿ ಹೋಗಿ ನೆಲೆಸಿದ್ದ, ಬೈತಖೋಲದ ಕಾಕಿಯ ತವರುಮನೆಯ ಹಿಂದಿನ ಓಣಿಗೆ ಹೋಗತೊಡಗಿದೆ. ಕಾಕಾ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಬೇರೆಯವರ ಬಲೆ ಹೆಣೆಯುತ್ತಿದ್ದ, ಅಪ್ಪ ನಮ್ಮ ಜಗಲಿಯಲ್ಲಿ ಹೆಣೆಯುತ್ತಿದ್ದಂತೆಯೇ. ಒಂದು ದಿನ ಧೈರ್ಯ ಮಾಡಿ ಅಂದೆ:

"ಕಾಕಾ, ನಾನು ಅಪ್ಪಂಗೆ ಹೇಳ್ತೆ. ಎಣ್ಣೆ ನಾನೇ ಹಚ್ಚಿದ್ದು ಅಂತ."

"ಎಂತಕೆ ಈಗ? ಅಣ್ಣಂಗೆ ಸಿಟ್ಟು ಮಾಡೂಕೆ ನಾನೊಬ್ನೇ ಸಾಕು. ನಾನು ಇಲ್ಲಿದ್ದೆ, ದೂರ. ನೀನು ದಿನಾ ಅವ್ನ ಮುಂದೆ ಉಣ್ಬೇಕಲ್ಲ ಮಾರಾಯ್ತಿ. ಪರೀಕ್ಷೆ ಯಾವಾಗ, ಅದು ಹೇಳು."

ನಾನು ಪರೀಕ್ಷೆಯ ದಿನ ಹೇಳಿದೆ. ಅವನು ತಲೆಯಾಡಿಸಿ ಬಲೆಯ ಮುಂದಿನ ಕಣ್ಣನ್ನು ಕಟ್ಟಿದ. ಅವನು ಬೇಡವೆಂದದ್ದು ನನಗೆ ಎಷ್ಟು ಅನುಕೂಲವಾಯಿತು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಕಾಕಾ ಜ್ವರದಿಂದ ತೀರಿಕೊಂಡ. ಅಪ್ಪ ಬೈತಖೋಲಕ್ಕೆ ಬಂದ. ಮನೆಯ ಮುಂದಿನ ರಸ್ತೆಯ ಆಚೆ ಬದಿಯಲ್ಲಿ ನಿಂತ. ಒಳಗೆ ಬನ್ನಿ ಎಂದು ಕಾಕಿ ಕರೆಯಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಹೆಣವನ್ನು ಎತ್ತಿ ನಡೆದಾಗ ಅಪ್ಪ ಜನರ ಹಿಂದೆ, ಎಲ್ಲರಿಗಿಂತ ಹಿಂದೆ, ಸೊಂಟ ಹಿಡಿದುಕೊಂಡು ನಡೆದ. ಮಧ್ಯಾಹ್ನದ ಬಸ್ಸಿನಲ್ಲಿ ಅಂಕೋಲೆಗೆ ಮರಳುವಾಗ, ಕಿಟಕಿಯ ಪಕ್ಕ ಕುಳಿತಿದ್ದ ಅಪ್ಪನಿಗೆ ನಾನು ಆ ವಾಕ್ಯವನ್ನು ಹೇಳಿದೆ. ಹದಿಮೂರು ವರ್ಷಗಳ ಹಿಂದೆ ಬಾಯಿಪಾಠ ಮಾಡಿದ್ದಂತೆಯೇ ಬಂತು. ಅಪ್ಪ ಹೊರಗೆ ನೋಡುತ್ತಲೇ ಹೇಳಿದ:

"ಆಗ ಹೇಳಿದ್ರೆ ನಿಂಗೆ ಎರಡು ಹೊಡೀತಿದ್ದೆ ತಂಗಿ. ಅಷ್ಟೇ. ವಾರದಲ್ಲಿ ಮರ್ತು ಹೋಗ್ತಿತ್ತು."

ಕಂಡಕ್ಟರ್ ಬಂದು ಹೋದ. ಆಮೇಲೆ ಅಪ್ಪ ಇನ್ನೊಂದು ಮಾತು ಹೇಳಿದ. ನನಗೆ ಹೇಳಿದ್ದೋ ಕಿಟಕಿಗೆ ಹೇಳಿದ್ದೋ ತಿಳಿಯದು.

"ಒಣಾ ಇರ್ಬೇಕು ಅಂತ ಇನಾಸ ಅವತ್ತು ಜಗಲಿಯಲ್ಲಿ ಹೇಳಿ ಹೋದದ್ದು ನಂಗೆ. ತುಳಸಂಗೆ ಹೇಳ್ಬೇಕಿತ್ತು. ಮರ್ತೆ. ಅದು ಗೊತ್ತಿದ್ದೇ ಅವ್ನ ಬೈದೆ ನಾನು."

ಅಂಕೋಲೆ ಬಂದಾಗ ಅಪ್ಪ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ.

ಆ ಹುಣ್ಣಿಮೆಯ ನಂತರ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಗಳು ಇಷ್ಟು. ಗಾಡಿಯನ್ನು ಗುಜರಿಯವರು ತುಂಡು ಮಾಡಿ ಒಯ್ದರು. ದೋಣಿಯನ್ನು ಬೇರೆಯವರು ತೆಗೆದುಕೊಂಡರು; ಕಡಲಿಗೆ ಹೋಗುವವರು ನಮ್ಮ ಮನೆಯಲ್ಲಿ ಉಳಿಯಲಿಲ್ಲ. ಆಯಿ ಅಂಕೋಲೆಯ ಪೇಟೆಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿ ನನ್ನನ್ನು ಓದಿಸಿದಳು. ಅಜ್ಜಿ ಕಿರಿಯ ಮಗನನ್ನು ಮತ್ತೆ ನೋಡದೆಯೇ ತೀರಿಹೋದಳು. ಕಾಕಿಗೆ ನಾನು ಎಲ್ಲವನ್ನೂ ಬರೆದು ತಿಳಿಸಿದ್ದೇನೆ; ಉತ್ತರ ಬಂದಿಲ್ಲ, ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಆಯಿಯೂ ತೀರಿಕೊಂಡ ಮೇಲೆ ಅಪ್ಪ ಈಗ ಕಾರವಾರದಲ್ಲಿ ನನ್ನ ಬಾಡಿಗೆ ಮನೆಯಲ್ಲಿದ್ದಾನೆ. ಬೈತಖೋಲ ಇಲ್ಲಿಂದ ದೂರವಿಲ್ಲ. ಕಾಕಾನ ಹೆಸರನ್ನು ನಾವಿಬ್ಬರೂ ಎತ್ತುವುದಿಲ್ಲ. ಮನೆಯಲ್ಲಿ ಅಡುಗೆ ಇಬ್ಬರಿಗೆ ಆಗುತ್ತದೆ.